ತಂಗಿಯ ಮದುವೆಗೆ ಹೊರಟವನು
(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಆತನಿಗೆ 29 ವರ್ಷ. ಊರು ಮಣಿಪುರದ ಚುರಾಚಾಂದಪುರದ ಕಡೆ. ಬೆಂಗಳೂರಿನ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ. ಹೆರಾಯಿನ್ ಚಟಕ್ಕೆ ಸಹಾಯ ಕೇಳಿ ನನ್ನ ಬಳಿ ಬಂದಿದ್ದ. ಮೊದಲ ದಿನವೇ "ಎಷ್ಟು ವರ್ಷದಿಂದ ಚಟ?" ಅಂತ ಕೇಳಿ ನಾನು ತಪ್ಪು ಮಾಡಿದೆ. ಆತ ನೆಲ ನೋಡುತ್ತಾ ಕೂತ. ಮುಂದಿನ ಸಲ ಆ ಮಾತೇ ಎತ್ತಲಿಲ್ಲ. "ಇಲ್ಲಿಗೆ ಹೇಗೆ ಬಂದ್ರಿ?" ಅಂದೆ. ಆಗ ಬಾಯಿಬಿಟ್ಟ. ವಿಮಾನ ನಿಲ್ದಾಣವಿರುವ ರಾಜಧಾನಿ ಇಂಫಾಲ್ ಆತನ ಊರಿನಿಂದ 60 ಚಿಲ್ಲರೆ ಕಿಲೋಮೀಟರ್. ಆದರೆ ಮೈತೇಯಿ-ಕುಕಿ ಗಲಭೆಯ ನಂತರ ಆತನ ಜನ ಆ ದಾರಿಯಲ್ಲಿ ಹೋಗುವ ಹಾಗಿರಲಿಲ್ಲ. ಗುಡ್ಡ ಸುತ್ತಿ ಮಿಜೋರಾಂನ ಐಜ್ವಾಲ್ ತಲುಪಿ, ಅಲ್ಲಿಂದ ವಿಮಾನ.

ಮ್ಯಾನ್ಮಾರ್ ಗಡಿ ದಾಟಿ ಬರುವ ಹೆರಾಯಿನ್‌ಗೆ ಅಲ್ಲಿ 'ನಂಬರ್ ಫೋರ್' ಅನ್ನುತ್ತಾರೆ. ಅದನ್ನು ಬಿಟ್ಟು, ದಿನಾ ಚಿಕಿತ್ಸಾ ಸೆಂಟರಿಗೆ ಹೋಗಿ, ಹೆರಾಯಿನ್ ಬದಲಿಗೆ ಕೊಡುವ ಬುಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟುಕೊಳ್ಳುತ್ತಿದ್ದ. 2023ರ ಮೇ 3ಕ್ಕೆ ಆ ಗಲಭೆ ಶುರುವಾಯಿತು. ಮನೆ ಹೋಯಿತು, ಶಿಬಿರ ಸೇರಿದ. ಮಾತ್ರೆ ತಪ್ಪಿತು. ಮೈಕೈ ನೋವು, ಭೇದಿ, ನಿದ್ದೆಯಿಲ್ಲ. ಮಾತ್ರೆ ಸಿಗದ ಕಡೆ ಹೆರಾಯಿನ್ ಪುಡಿ ಮಾತ್ರ ಸಿಕ್ಕಿತು! ಸಿರಿಂಜ್ ಒಂದು, ಚುಚ್ಚಿಕೊಂಡವರು ಮೂವರು.

"ನೀರಲ್ಲಿ ತೊಳೆದಿದ್ವಿ ಮೇಡಂ" ಅಂದ. ಅಷ್ಟಕ್ಕೆಲ್ಲ ಲಿವರ್ ಹಾಳುಮಾಡುವ ಹೆಪಟೈಟಿಸ್ ಸಿ ವೈರಸ್ ಹೋಗುವುದಿಲ್ಲ. ಎಚ್‌ಐವಿ ಇರಲಿಲ್ಲ, ಇದು ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ 12 ವಾರ ಮಾತ್ರೆ ಉಚಿತವಾಗಿ ಸಿಕ್ಕಿತು, ವಾಸಿಯಾಯಿತು. ಚುಚ್ಚಿಕೊಳ್ಳುವುದನ್ನೂ ಬಿಟ್ಟು ಐದು ತಿಂಗಳಾಗಿತ್ತು.

ಆಗ ತಂಗಿಯ ಮದುವೆಗೆ ಊರಿಗೆ ಹೊರಟ. ಎಲ್ಲರಿಗೂ ಖುಷಿ, ನನಗೆ ಭಯ. ಐದು ತಿಂಗಳು ಬಿಟ್ಟ ಮೈಗೆ ಹಳೆಯ ಅಳತೆ ತಡೆಯುವ ಶಕ್ತಿ ಇರುವುದಿಲ್ಲ. ಅಷ್ಟೇ ತಗೊಂಡರೆ ಉಸಿರು ನಿಂತುಬಿಡಬಹುದು.

ಹೋಗಬೇಡಿ ಅನ್ನಲಿಲ್ಲ. ಆಸೆ ಹುಟ್ಟಿದರೆ ಮೊದಲು ಸೆಂಟರಿಗೆ ಹೋಗಿ, ಮತ್ತೆ ಬುಪ್ರೆನಾರ್ಫಿನ್ ಮಾತ್ರೆ ಕೇಳುವುದು ಸೋಲಲ್ಲ ಅಂದೆ. ಅದೂ ಆಗದೆ ತಗೊಂಡರೆ, ಒಬ್ಬರೇ ಇದ್ದಾಗ ಬೇಡ, ಹಳೆಯ ಅಳತೆ ಬೇಡ, ಹೆಂಡದ ಜೊತೆ, ನಿದ್ದೆ ಮಾತ್ರೆ ಜೊತೆ ಬೇಡವೇ ಬೇಡ. ಸಿರಿಂಜ್ ಅಷ್ಟೇ ಅಲ್ಲ, ಚಮಚ, ಹತ್ತಿ, ನೀರೂ ನಿಮ್ಮದೇ ಇರಲಿ. ಒಮ್ಮೆ ವಾಸಿಯಾದರೂ ಹೆಪಟೈಟಿಸ್ ಸಿ ಮತ್ತೆ ತಗುಲಬಹುದು. "ಇದು ಚುಚ್ಚಿಕೋ ಅಂತ ಹೇಳಿಕೊಟ್ಟ ಹಾಗಲ್ವಾ?" ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಬದುಕಿದ್ದರೆ ತಾನೇ ಮತ್ತೆ ಬಿಡುವುದು?

ಆತನ ಒಪ್ಪಿಗೆ ಪಡೆದು ಅಕ್ಕನಿಗೂ ಫೋನ್ ಮಾಡಿದೆ. ಎಬ್ಬಿಸಿದರೂ ಏಳದೆ ಗೊರಗೊರ ಅಂದರೆ, ತುಟಿ ನೀಲಿಯಾದರೆ ಅದು ನಿದ್ದೆಯಲ್ಲ. ಹೆರಾಯಿನ್ ಪ್ರಭಾವ ತಡೆದು ಉಸಿರು ಮರಳಿಸುವ ಔಷಧ ನಲೋಕ್ಸೋನ್ ಕೊಡಿಸಬೇಕು. ಅದರ ಪ್ರಭಾವ ಬೇಗ ಇಳಿಯುತ್ತದೆ, ಎದ್ದು ಕೂತರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಅವರು ಹಿಂದಿಯಲ್ಲಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಅದನ್ನ ಫ್ರಿಜ್ಜಲ್ಲೇ ಇಡಬೇಕಾ? ಶಿಬಿರದಲ್ಲಿ ಫ್ರಿಜ್ ಇಲ್ಲ."

ಬೇಡ, ಬಿಸಿಲು ಬೀಳದ ಕಡೆ ಇಟ್ಟರೆ ಸಾಕು ಅಂದೆ.