ಸಕ್ಕರೆ ಆಮದಿನ ಕಟ್ಟುಪಾಡು ಸಡಿಲಿಸಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ?

ಇದಕ್ಕೆ ಯುರೋಪಿಯನ್ ಒಕ್ಕೂಟದ ಅನುಭವವೇ ಒಳ್ಳೆಯ ಉತ್ತರ. ಅಲ್ಲಿ ದಶಕಗಳ ಕಾಲ ಭಾರೀ ಆಮದು ಸುಂಕ, ಉತ್ಪಾದನಾ ಕೋಟಾಗಳಿದ್ದವು. ಹಾಗಾಗಿ ಸಕ್ಕರೆ ಬೆಲೆ ವಿಶ್ವ ಮಾರುಕಟ್ಟೆಗಿಂತ ಎಷ್ಟೋ ಮೇಲಿರುತ್ತಿತ್ತು. ಬ್ರೆಜಿಲ್, ಆಸ್ಟ್ರೇಲಿಯಾ, ಥಾಯ್ಲೆಂಡ್ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟು ಗೆದ್ದವು. 2006ರ ಸುಧಾರಣೆಯಲ್ಲಿ ಒಕ್ಕೂಟ ನಿಗದಿ ಮಾಡುತ್ತಿದ್ದ ಆಧಾರ ಬೆಲೆಯನ್ನು ಹಂತಹಂತವಾಗಿ ಶೇ. 36ರಷ್ಟು ಇಳಿಸಿದರು; 2017ರಲ್ಲಿ ಕೋಟಾ ಕೂಡ ಹೋಯಿತು.

ಬಿಸ್ಕತ್ತು, ತಂಪು ಪಾನೀಯದ ಕಂಪನಿಗಳಿಗೆ ಕಚ್ಚಾವಸ್ತು ಅಗ್ಗವಾಯಿತು. ಆದರೆ ಒಂದು ಬಿಸ್ಕತ್ತಿನ ಬೆಲೆಯಲ್ಲಿ ಸಕ್ಕರೆಯ ಪಾಲು ಎಷ್ಟಿದ್ದೀತು? ಗ್ರಾಹಕನ ಕೈಗೆ ಬರುವ ಉಳಿತಾಯ ಚಿಲ್ಲರೆ.

ಪೆಟ್ಟು ಮಾತ್ರ ಕೆಲವರ ಮೇಲೇ ಬಿತ್ತು. ಅಲ್ಲಿ ಸಕ್ಕರೆ ತೆಗೆಯುವ ಬೀಟ್ ಗಡ್ಡೆಯ ಬೆಳೆಗಾರರಿಗೆ ನಷ್ಟದ ಒಂದು ಭಾಗವನ್ನು ನೇರ ಪಾವತಿಯಾಗಿ ಕೊಟ್ಟರು ನಿಜ. ಆದರೂ ಐರ್ಲೆಂಡಿನ ಕೊನೆಯ ಸಕ್ಕರೆ ಕಾರ್ಖಾನೆ, ಮ್ಯಾಲೋ ಊರಿನದು, 2006ರಲ್ಲಿ ಬಾಗಿಲು ಹಾಕಿತು. ಬೀಟ್ ದೂರ ಸಾಗಿಸಿದರೆ ಗಿಟ್ಟದ ಬೆಳೆ. ಕಾರ್ಖಾನೆ ಮುಚ್ಚಿದರೆ ಸುತ್ತಲಿನ ಹೊಲಗಳಲ್ಲೂ ಅದು ಮುಗಿದಂತೆಯೇ.

ನನಗೆ ಹೆಚ್ಚು ಅನ್ಯಾಯ ಅನ್ನಿಸುವುದು ಮಾರಿಷಸ್, ಫಿಜಿಯಂಥ ದೇಶಗಳ ಪಾಡು. ಒಕ್ಕೂಟಕ್ಕೆ ಆ ಎತ್ತರದ ಬೆಲೆಗೇ ಸಕ್ಕರೆ ಮಾರುವ ಖಾತರಿ ಅವಕ್ಕಿತ್ತು, ಅದೂ ಕೈತಪ್ಪಿತು. ಮಾರಿಷಸ್ ಸಂಸ್ಕರಿಸಿದ ಬಿಳಿ ಸಕ್ಕರೆಯತ್ತ ಹೊರಳಿ ಸುಧಾರಿಸಿಕೊಂಡಿತು. ಹಾಗೆ ಹೊರಳಲು ಬಂಡವಾಳ ಬೇಕು, ಸಮಯವೂ ಬೇಕು.