ಹತ್ತು ಕೆ.ಜಿ. ರೋಡ್ ಬೈಕ್ ಹಗುರ ಮಾಡಲು ದುಡ್ಡು ಎಲ್ಲಿ ಹಾಕಬೇಕು?

ಪ್ರಶ್ನೆ: ನನ್ನದು ಐದು ವರ್ಷದ ಹಿಂದೆ ತಗೊಂಡ ಅಲ್ಯೂಮಿನಿಯಂ ರೋಡ್ ಬೈಕ್. ಶಿಮಾನೊ ಕ್ಲಾರಿಸ್ 8 ಸ್ಪೀಡ್ ಗೇರು, ಮುಂದೆ 50/34 ಹಲ್ಲು, ಹಿಂದೆ 11-28 ಹಲ್ಲು, ರಿಮ್ಮನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್. ಟೈರ್ ಬೈಕಿನ ಜೊತೆ ಬಂದವೇ, 25 ಎಂ.ಎಂ. ತೂಗಿದರೆ 10.6 ಕೆ.ಜಿ. ಬಂತು. ನನ್ನ ತೂಕ 72 ಕೆ.ಜಿ. ಶನಿವಾರ ಗೆಳೆಯರ ಜೊತೆ ನಂದಿ ಬೆಟ್ಟಕ್ಕೆ ಹೋಗುತ್ತೇನೆ. ಅವರದೆಲ್ಲ ಏಳೂವರೆ, ಎಂಟು ಕೆ.ಜಿ.ಯ ಕಾರ್ಬನ್ ಬೈಕ್. ಏರು ಶುರುವಾದ ಎರಡೇ ತಿರುವಿಗೆ ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿರುತ್ತಾರೆ. ಕೈಯಲ್ಲಿ 40 ಸಾವಿರ ರೂಪಾಯಿ ಇದೆ. ವೀಲ್‌ಸೆಟ್ (ಎರಡೂ ಚಕ್ರ) ಬದಲಾಯಿಸಿ, ಉಳಿದ ದುಡ್ಡಲ್ಲಿ ಸೀಟು, ಪೆಡಲ್ ನೋಡಿಕೊಂಡರೆ 8.5 ಕೆ.ಜಿ.ಗೆ ಇಳಿಸಬಹುದೇ?
– ಓದುಗರು, ವಿದ್ಯಾರಣ್ಯಪುರ

ಉತ್ತರ: 40 ಸಾವಿರಕ್ಕೆ 8.5 ಆಗುವುದಿಲ್ಲ. ಒಂಬತ್ತೂವರೆಯ ಹತ್ತಿರ ತರಬಹುದು. ಆದರೆ ವೀಲ್‌ಸೆಟ್ ಬೇಡ ಎಂಬುದು ನನ್ನ ಸಲಹೆ. ಅರ್ಧಕ್ಕಿಂತ ಕಡಿಮೆ ದುಡ್ಡಲ್ಲಿ ಇದೇ ಬೈಕು ಈಗಿನದಕ್ಕಿಂತ ಬೇಗ ಬೆಟ್ಟ ಹತ್ತುವ ಹಾಗೆ ಮಾಡಬಹುದು.

ಮೊದಲು ಒಂದು ಲೆಕ್ಕ ನೋಡೋಣ. ನಂದಿಯ ಬುಡದಿಂದ ಮೇಲಿನವರೆಗೆ ಏರುವ ಎತ್ತರ ಸುಮಾರು 450 ಮೀಟರ್ ಎಂದಿಟ್ಟುಕೊಳ್ಳಿ. ಒಂದು ಕೆ.ಜಿ.ಯನ್ನು ಅಷ್ಟು ಎತ್ತರಕ್ಕೆ ಒಯ್ಯಲು ಬೇಕಾಗುವ ಶಕ್ತಿ ಸುಮಾರು 4,400 ಜೂಲ್. ನೀವು 200 ವ್ಯಾಟ್‌ನಲ್ಲಿ ತುಳಿಯುವವರಾದರೆ ಅದು 22 ಸೆಕೆಂಡಿನ ಕೆಲಸ. ನೀವು, ಸೈಕಲ್, ನೀರು, ಬಟ್ಟೆ, ಶೂ ಎಲ್ಲ ಸೇರಿ 85 ಕೆ.ಜಿ. ಆಸುಪಾಸು. ಆ ತೂಕಕ್ಕೆ 200 ವ್ಯಾಟ್‌ನಲ್ಲಿ ಏರು ಮುಗಿಯಲು ಸುಮಾರು 35 ನಿಮಿಷ ಬೇಕು. ಅದರಲ್ಲಿ ಒಂದು ಕೆ.ಜಿ. ಕಡಿಮೆಯಾದರೆ ಉಳಿಯುವುದು ಅರ್ಧ ನಿಮಿಷಕ್ಕೂ ಕಡಿಮೆ. ಎರಡು ಕೆ.ಜಿ. ಇಳಿಸಿದರೂ ಮುಕ್ಕಾಲು ನಿಮಿಷ. ಗೆಳೆಯರು ಐದಾರು ನಿಮಿಷ ಮೊದಲೇ ಮೇಲೆ ಮುಟ್ಟುತ್ತಿದ್ದರೆ ಅದಕ್ಕೆ ಕಾರಣ ಕಾರ್ಬನ್ ಅಲ್ಲ, ಅವರ ಕಾಲು. ಬೇಜಾರು ಮಾಡಿಕೊಳ್ಳಬೇಡಿ. ಕಾಲಿನ ಶಕ್ತಿ ಅಂಗಡಿಯಲ್ಲಿ ಸಿಗುವುದಿಲ್ಲ ನಿಜ, ಆದರೆ ತಿಂಗಳುಗಟ್ಟಲೆ ತುಳಿದರೆ ಖಂಡಿತ ಬರುತ್ತದೆ.

ಹಾಗಾದರೆ ತೂಕ ಇಳಿಸುವುದು ದಂಡವೇ? ಅಲ್ಲ. ಹಗುರ ಸೈಕಲ್ಲಿನಲ್ಲಿ ಸೀಟಿನಿಂದೆದ್ದು ತುಳಿಯುವಾಗ ಸಿಗುವ ಖುಷಿ ಸುಳ್ಳಲ್ಲ. ಮೂರನೇ ಮಹಡಿಯ ಮನೆಗೆ ಹೊತ್ತುಕೊಂಡು ಹೋಗುವವರಿಗಂತೂ ಒಂದೊಂದು ಗ್ರಾಮೂ ಗೊತ್ತಾಗುತ್ತದೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದಷ್ಟೇ ಪ್ರಶ್ನೆ.

ಟೈರಿನಿಂದ ಶುರು ಮಾಡಿ. ನಿಮ್ಮ ದರ್ಜೆಯ ಬೈಕಿನ ಜೊತೆ ಬರುವುದು ಸಾಮಾನ್ಯವಾಗಿ ಅಂಚಿನಲ್ಲಿ ಸ್ಟೀಲ್ ತಂತಿ ಇರುವ ವೈರ್ ಬೀಡ್ ಟೈರ್, ಒಂದೊಂದೂ 350ರಿಂದ 400 ಗ್ರಾಂ. ಮಡಚಬಹುದಾದ ಒಳ್ಳೆಯ ರೇಸಿಂಗ್ ಟೈರ್, ಉದಾಹರಣೆಗೆ ಕಾಂಟಿನೆಂಟಲ್ ಜಿಪಿ 5000, ಇದೇ 25 ಎಂ.ಎಂ. ಅಳತೆಯಲ್ಲಿ 225 ಗ್ರಾಂ ಆಸುಪಾಸು. ಎರಡೂ ಸೇರಿ 250 ಗ್ರಾಂಗೂ ಮೇಲೆ ಇಳಿಯಿತು. ಆದರೆ ಇಲ್ಲಿ ತೂಕಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಟೈರ್ ಉರುಳುವಾಗ ಅದರ ರಬ್ಬರ್ ಪ್ರತಿ ಸುತ್ತಿಗೂ ನಲುಗಿ ಮತ್ತೆ ನೆಟ್ಟಗಾಗುತ್ತದೆ, ಅದರಲ್ಲಿ ನಿಮ್ಮ ಶಕ್ತಿ ಬಿಸಿಯಾಗಿ ಹೋಗುತ್ತದೆ. ಗಡಸು ಟೈರಿನಿಂದ ಒಳ್ಳೆಯ ಟೈರಿಗೆ ಬಂದರೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ಎರಡೂ ಸೇರಿ 10 ವ್ಯಾಟ್‌ಗೂ ಹೆಚ್ಚು ಉಳಿಯಬಹುದು. ಬೆಟ್ಟ ಹತ್ತುವ 11–12 ಕಿ.ಮೀ. ವೇಗದಲ್ಲಿ ಅದು 4 ವ್ಯಾಟ್ ಆಯಿತು ಅಂದುಕೊಳ್ಳಿ. ನಿಮ್ಮ 200ರಲ್ಲಿ 2 ಶೇಕಡಾ, ಅಂದರೆ 35 ನಿಮಿಷದಲ್ಲಿ ಸುಮಾರು 40 ಸೆಕೆಂಡ್. ತೂಕದ ಲೆಕ್ಕ ಹಿಡಿಯದೆಯೇ, ಬರೀ ಟೈರಿನಿಂದ, ಒಂದೂಮುಕ್ಕಾಲು ಕೆ.ಜಿ. ಇಳಿಸಿದಷ್ಟು ಲಾಭ. ಬಳ್ಳಾರಿ ರಸ್ತೆಯ ಸಮತಟ್ಟಿನಲ್ಲಿ ಸಿಗುವುದು ಇದರ ಮೇಲೆ.

ಫ್ರೇಮಿನಲ್ಲಿ, ಬ್ರೇಕ್ ಕ್ಯಾಲಿಪರ್ ಕೆಳಗೆ ಜಾಗ ಇದ್ದರೆ 28 ಎಂ.ಎಂ. ಹಾಕಿಸಿ. 20–30 ಗ್ರಾಂ ಹೆಚ್ಚಾದರೂ ಚಿಂತೆ ಇಲ್ಲ, ನಮ್ಮ ಸರ್ವಿಸ್ ರಸ್ತೆಗಳ ಗುಂಡಿಗೆ ಅದೇ ವಾಸಿ. ಗಾಳಿಯನ್ನೂ ನೋಡಿ. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಒತ್ತಡಕ್ಕೆ, 110–120 ಪಿಎಸ್‌ಐಗೆ, ತುಂಬಿಸಿಕೊಂಡು ಬರುವವರನ್ನು ವರ್ಕ್‌ಶಾಪಿನಲ್ಲಿ ದಿನಾ ನೋಡುತ್ತೇನೆ. 72 ಕೆ.ಜಿ. ಸವಾರನಿಗೆ 25 ಎಂ.ಎಂ. ಟೈರಿನಲ್ಲಿ 80–85 ಸಾಕು, 28ರಲ್ಲಿ 70ರ ಆಸುಪಾಸು. ಹಿಂದಿನ ಚಕ್ರಕ್ಕಿಂತ ಮುಂದಿನದಕ್ಕೆ ನಾಲ್ಕೈದು ಕಡಿಮೆ.

ಟ್ಯೂಬ್ ಎರಡನೆಯದು. ಮಾಮೂಲಿ ಬ್ಯೂಟೈಲ್ ರಬ್ಬರ್ ಟ್ಯೂಬ್ 100–120 ಗ್ರಾಂ, ತೆಳು ಪ್ಲಾಸ್ಟಿಕ್ಕಿನ ಟಿಪಿಯು ಟ್ಯೂಬ್ 30–40 ಗ್ರಾಂ. ಎರಡಕ್ಕೆ 140 ಗ್ರಾಂ ಇಳಿಯುತ್ತದೆ, ಖರ್ಚು ಎರಡು–ಮೂರು ಸಾವಿರದೊಳಗೆ. ಗ್ರಾಂ ಲೆಕ್ಕದಲ್ಲಿ ಇಷ್ಟು ಅಗ್ಗದ ಅಪ್‌ಗ್ರೇಡ್ ಇನ್ನೊಂದಿಲ್ಲ. ಆದರೆ ನಿಮ್ಮದು ರಿಮ್ ಬ್ರೇಕ್. ನಂದಿಯಿಂದ ಇಳಿಯುವಾಗ ಉದ್ದಕ್ಕೂ ಬ್ರೇಕ್ ಹಿಡಿದೇ ಬಂದರೆ ರಿಮ್ ಮುಟ್ಟಲಾಗದಷ್ಟು ಕಾಯುತ್ತದೆ, ಟಿಪಿಯುಗೆ ಆ ಬಿಸಿ ಆಗಿಬರುವುದಿಲ್ಲ. ಅತಿ ಹಗುರ ಟ್ಯೂಬ್‌ಗಳಲ್ಲಿ ಕೆಲವು ಡಿಸ್ಕ್ ಬ್ರೇಕ್‌ಗೆ ಮಾತ್ರ ಎಂದು ಪೊಟ್ಟಣದ ಮೇಲೇ ಬರೆದಿರುತ್ತಾರೆ, ಅದನ್ನು ಓದಿಯೇ ಕೊಳ್ಳಿ. ಇಳಿಯುವಾಗ ತಿರುವಿಗೆ ಮುಂಚೆ ಗಟ್ಟಿಯಾಗಿ ಬ್ರೇಕ್ ಒತ್ತಿ, ಆಮೇಲೆ ಪೂರ್ತಿ ಬಿಡಿ. ಪಂಕ್ಚರ್ ಆದರೆ ಮಾಮೂಲಿ ರಬ್ಬರ್ ತೇಪೆ ಹಿಡಿಯುವುದಿಲ್ಲ, ಟಿಪಿಯು ತೇಪೆಯೇ ಬೇಕು.

ಮೂರನೆಯ ಖರ್ಚು ತೂಕ ಇಳಿಸುವುದಲ್ಲ, ಸ್ವಲ್ಪ ಏರಿಸುವುದು. 11-28 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ತೆಗೆದು 11-32 ಹಾಕಿಸಿ. ಮುಂದೆ 34, ಹಿಂದೆ 28 ಹಲ್ಲಿನ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 2.55 ಮೀಟರ್ ಹೋಗುತ್ತದೆ, 34-32ರಲ್ಲಿ 2.23. ಕೊನೆಯ ಕಡಿದಾದ ಭಾಗದಲ್ಲಿ ವೇಗ 9 ಕಿ.ಮೀ.ಗೆ ಬಿದ್ದಾಗ ಮೊದಲನೆಯದರಲ್ಲಿ ನಿಮಿಷಕ್ಕೆ 59 ಸುತ್ತು, ಎರಡನೆಯದರಲ್ಲಿ 67. ಮಂಡಿಗೆ ಬೀಳುವ ಒತ್ತಡದಲ್ಲಿ ಈ ಎಂಟು ಸುತ್ತಿನ ವ್ಯತ್ಯಾಸ ದೊಡ್ಡದು. ಹಿಂದಿನ ಡೀರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಉದ್ದ ಕೇಜಿನದೋ ಗಿಡ್ಡದೋ ಎಂದು ಮೊದಲು ಮೆಕ್ಯಾನಿಕ್‌ಗೆ ತೋರಿಸಿ, ಗಿಡ್ಡದಾದರೆ 32 ಹಿಡಿಯದೇ ಹೋಗಬಹುದು. ಚೈನೂ ಹೊಸದು, ಸ್ವಲ್ಪ ಉದ್ದದ್ದು ಬೇಕಾಗುತ್ತದೆ. ಐದು ವರ್ಷವಾದ್ದರಿಂದ ಅದು ಹೇಗೂ ಸವೆದಿರುತ್ತದೆ.

ಈಗ ವೀಲ್‌ಸೆಟ್ ಯಾಕೆ ಬೇಡ ಎಂಬ ಮಾತು. ನಿಮ್ಮ ಚಕ್ರಗಳು ಟೈರ್ ಬಿಟ್ಟು ಎರಡು ಕೆ.ಜಿ.ಗಿಂತ ಸ್ವಲ್ಪ ಹೆಚ್ಚಿರಬಹುದು. ಒಳ್ಳೆಯ ಅಲಾಯ್ ಜೋಡಿ 1,550–1,600 ಗ್ರಾಂ. ಅರ್ಧ ಕೆ.ಜಿ. ಇಳಿಯುತ್ತದೆ, ಒಪ್ಪುತ್ತೇನೆ. ‘ತಿರುಗುವ ತೂಕ ನಾಲ್ಕು ಪಟ್ಟು’ ಎಂದು ಹೇಳುವವರಿದ್ದಾರೆ, ಅದನ್ನು ನಂಬಬೇಡಿ. ರಿಮ್ಮಿನ ತೂಕ ವೇಗ ಹೆಚ್ಚಿಸಿಕೊಳ್ಳುವಾಗ ಮಾತ್ರ, ಅದೂ ಹೆಚ್ಚೆಂದರೆ ಎರಡು ಪಟ್ಟು ಲೆಕ್ಕಕ್ಕೆ ಬರುತ್ತದೆ. ಹೆಬ್ಬಾಳದ ಸಿಗ್ನಲ್ಲಿನಲ್ಲಿ ನಿಂತು 30 ಕಿ.ಮೀ. ವೇಗಕ್ಕೆ ಬರುವಾಗ ರಿಮ್ಮಿನ ಅರ್ಧ ಕೆ.ಜಿ. ಉಳಿಸಿಕೊಡುವುದು ಸುಮಾರು 35 ಜೂಲ್. 200 ವ್ಯಾಟ್‌ಗೆ ಅದು ಸೆಕೆಂಡಿನ ಐದನೇ ಒಂದು ಭಾಗವೂ ಅಲ್ಲ. ಒಂದೇ ವೇಗದಲ್ಲಿ ಬೆಟ್ಟ ಹತ್ತುವಾಗ ಚಕ್ರದ ಗ್ರಾಮಿಗೂ ಬಾಟಲಿಯ ಗ್ರಾಮಿಗೂ ವ್ಯತ್ಯಾಸವೇ ಇಲ್ಲ.

ಇನ್ನೂ ಮುಖ್ಯ ಕಾರಣವೆಂದರೆ, ಈಗ ಬರುವ ರೋಡ್ ಬೈಕುಗಳು ಬಹುತೇಕ ಡಿಸ್ಕ್ ಬ್ರೇಕಿನವು. 25–30 ಸಾವಿರ ಕೊಟ್ಟು ರಿಮ್ ಬ್ರೇಕ್ ಚಕ್ರ ಕೊಂಡರೆ ನಿಮ್ಮ ಮುಂದಿನ ಬೈಕಿಗೆ ಅದು ಬರುವುದಿಲ್ಲ, ಮಾರಲು ಹೋದರೆ ಅರ್ಧ ಬೆಲೆಯೂ ಕಷ್ಟ. ಇರುವ ಚಕ್ರಗಳ ಹಬ್ ಬಿಚ್ಚಿಸಿ, ಗ್ರೀಸ್ ಬದಲಿಸಿ, ಕಡ್ಡಿಗಳನ್ನು ಸರಿ ಮಾಡಿಸಿ. ಯಾರಾದರೂ ಗೆಳೆಯರು ತಮ್ಮ ಹಳೆಯ 11 ಸ್ಪೀಡ್ ಚಕ್ರ ಕಡಿಮೆಗೆ ಕೊಡುತ್ತೇನೆಂದರೆ ಆ ಮಾತು ಬೇರೆ. ಫ್ರೀಹಬ್ (ಚಕ್ರದಲ್ಲಿ ಕ್ಯಾಸೆಟ್ ಕೂರುವ ಭಾಗ) ಶಿಮಾನೊ ಮಾದರಿಯದಾಗಿದ್ದರೆ 1.85 ಎಂ.ಎಂ.ನ ಒಂದು ಸ್ಪೇಸರ್ ಹಾಕಿ ನಿಮ್ಮ 8 ಸ್ಪೀಡ್ ಕ್ಯಾಸೆಟ್ ಕೂರಿಸಬಹುದು.

ದುಡ್ಡಿಲ್ಲದೆ ಇಳಿಯುವ ತೂಕವೂ ಇದೆ. ಸೈಡ್ ಸ್ಟ್ಯಾಂಡ್ ಇದ್ದರೆ ತೆಗೆಯಿರಿ. ಸೀಟಿನ ಕೆಳಗಿನ ಚೀಲವನ್ನು ಮೇಜಿನ ಮೇಲೆ ಸುರಿದು ನೋಡಿ: ತುಕ್ಕು ಹಿಡಿದ ಸ್ಪ್ಯಾನರ್, ಒಂದಕ್ಕೆ ಮೂರು ಟ್ಯೂಬ್, ಒಣಗಿಹೋದ ಸಲ್ಯೂಷನ್, ಯಾವುದೋ ಬೀಗದ ಕೈ. ಒಂದು ಟ್ಯೂಬ್, ಎರಡು ಟೈರ್ ಲಿವರ್, ಒಂದು ಮಲ್ಟಿಟೂಲ್, ಸಣ್ಣ ಪಂಪ್ ಸಾಕು. ಬೆಟ್ಟದ ಬುಡದಲ್ಲಿ ಎರಡನೇ ಬಾಟಲಿ ತುಂಬಿಸಿಕೊಳ್ಳಬೇಡಿ, 750 ಗ್ರಾಂ ಅಲ್ಲೇ ಉಳಿಯುತ್ತದೆ, ಬಾಯಾರಿದರೆ ಕುಡಿಯಲು ಒಂದು ಬಾಟಲಿ ಇದ್ದೇ ಇದೆ. ದೀಪ ಮತ್ತು ಹಿಂದಿನ ಪ್ರತಿಫಲಕ ಮಾತ್ರ ತೆಗೆಯಬೇಡಿ. ಬೆಳಗಿನ ಐದಕ್ಕೆ ವಿಮಾನ ನಿಲ್ದಾಣದ ಟ್ಯಾಕ್ಸಿಗಳ ನಡುವೆ ಹೋಗುವವರು ನೀವು. ಬ್ರೇಕ್ ಪ್ಯಾಡ್ ಐದು ವರ್ಷದವೇ ಆಗಿದ್ದರೆ ಟೈರಿಗಿಂತ ಮೊದಲು ಅವನ್ನು ಬದಲಿಸಿ.

ಟೈರ್, ಟ್ಯೂಬ್, ಕ್ಯಾಸೆಟ್, ಚೈನ್, ಪ್ಯಾಡ್ ಎಲ್ಲ ಸೇರಿ 15–18 ಸಾವಿರದಲ್ಲಿ ಮುಗಿಯುತ್ತದೆ. ಉಳಿದದ್ದನ್ನು ಮುಂದಿನ ಬೈಕಿಗೆಂದು ಎತ್ತಿಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಹೆಸರಾಂತ ಕಂಪನಿಗಳ ಗುರುತಿರುವ ಕಾರ್ಬನ್ ಹ್ಯಾಂಡಲ್‌ಬಾರ್, ಸೀಟ್‌ಪೋಸ್ಟ್ ಎರಡೂ ಸೇರಿ ನಾಲ್ಕು ಸಾವಿರಕ್ಕೆ ಸಿಗುತ್ತಿವೆ. ತರಿಸಬಹುದೇ?
– ಓದುಗರು, ಜಯನಗರ

ಉತ್ತರ: ದಯವಿಟ್ಟು ತರಿಸಬೇಡಿ. ಆ ಬೆಲೆಗೆ ಆ ಗುರುತು ಅಸಲಿಯಾಗಿರುವ ಸಾಧ್ಯತೆ ಇಲ್ಲವೆಂದೇ ತಿಳಿಯಿರಿ. ಅಲಾಯ್ ಹ್ಯಾಂಡಲ್‌ಬಾರ್ 300 ಗ್ರಾಂ ಇದ್ದರೆ ಕಾರ್ಬನ್ನಿನದು 220ರ ಹತ್ತಿರ. ಸೀಟ್‌ಪೋಸ್ಟಿನಲ್ಲೂ 70–80 ಗ್ರಾಂ. ಒಟ್ಟು ಉಳಿತಾಯ 150 ಗ್ರಾಂ, ನಂದಿಯಲ್ಲಿ ಮೂರ್ನಾಲ್ಕು ಸೆಕೆಂಡ್. ಇಷ್ಟಕ್ಕಾಗಿ ಇಳಿಜಾರಿನಲ್ಲಿ ನಿಮ್ಮ ಇಡೀ ಭಾರ ಹೊತ್ತ ಭಾಗವನ್ನು ಯಾರು ಮಾಡಿದರೋ ಗೊತ್ತಿಲ್ಲದ ವಸ್ತುವಿಗೆ ಒಪ್ಪಿಸಬೇಕೇ? ಅಲ್ಯೂಮಿನಿಯಂ ಮುರಿಯುವ ಮುಂಚೆ ಸಾಮಾನ್ಯವಾಗಿ ಬಾಗುತ್ತದೆ. ಕಾರ್ಬನ್ ಬಾಗದೆ ಒಮ್ಮೆಲೇ ಮುರಿಯಬಹುದು.

ಅಸಲಿ ಕಾರ್ಬನ್ ಭಾಗ ಈಗಾಗಲೇ ಇರುವವರು ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದೆ ಅದನ್ನು ಬಿಗಿಯಬೇಡಿ. ಹೆಚ್ಚಿನವುಗಳ ಮಿತಿ 5 ನ್ಯೂಟನ್ ಮೀಟರ್, ಸ್ಟೆಮ್ ಮೇಲೋ ಕ್ಲ್ಯಾಂಪ್ ಮೇಲೋ ಬರೆದಿರುತ್ತದೆ. ಗ್ರೀಸ್ ಬದಲು ಕಾರ್ಬನ್ ಪೇಸ್ಟ್ ಹಚ್ಚಿ. ಬಿದ್ದ ಮೇಲೆ ಟೇಪ್ ಬಿಚ್ಚಿ, ಒಂದು ರೂಪಾಯಿ ನಾಣ್ಯದಿಂದ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬನ್ನಿ. ಟಣಟಣ ಎಂದು ಬರುತ್ತಿದ್ದ ಸದ್ದು ಒಂದು ಜಾಗದಲ್ಲಿ ಮಂದವಾಗಿ ‘ಥಪ್’ ಎಂದರೆ ಒಳಗಿನ ಪದರ ಬಿಟ್ಟಿರಬಹುದು, ಆ ಭಾಗ ಮತ್ತೆ ಬಳಸಬೇಡಿ. ಎಲ್ಲ ಕಡೆ ಸದ್ದು ಸರಿಯಾಗಿದ್ದರೂ ಜೋರಾಗಿ ಬಿದ್ದಿದ್ದರೆ ತಿಳಿದವರಿಗೆ ಒಮ್ಮೆ ತೋರಿಸಿ.

ಪ್ರಶ್ನೆ: ನನ್ನ ತೂಕ 48 ಕೆ.ಜಿ., ಬೈಕ್ 10.2. ‘ಸೈಕಲ್ ತೂಕ ಇಳಿಸುವ ಬದಲು ನೀನೇ ಎರಡು ಕೆ.ಜಿ. ಇಳಿ, ಪುಕ್ಕಟೆ’ ಎಂದು ಗುಂಪಿನಲ್ಲಿ ಹೇಳುತ್ತಾರೆ. ನಿಜವೇ?
– ಓದುಗರು, ರಾಜಾಜಿನಗರ

ಉತ್ತರ: ನಿಮಗೆ ಆ ಮಾತು ಅನ್ವಯಿಸುವುದಿಲ್ಲ, ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ಹಗುರ ಮೈಯವರು ಊಟ ಬಿಟ್ಟು ತೂಕ ಇಳಿಸಿದರೆ ಮೊದಲು ಕರಗುವುದರಲ್ಲಿ ಸ್ನಾಯುವೂ ಸೇರಿರುತ್ತದೆ. ಬೆಟ್ಟ ಹತ್ತಿಸುವುದೇ ಅದು. ಮಹಿಳೆಯರಲ್ಲಿ ಮುಟ್ಟು ಏರುಪೇರಾಗುವುದು, ಮೂಳೆ ದುರ್ಬಲವಾಗುವುದು ಇದರ ಜೊತೆಗೇ ಬರಬಹುದು. ಉದ್ದ ರೈಡಿಗೆ ಮುಂಚೆ ಎರಡು ಇಡ್ಲಿ, ಒಂದು ಬಾಳೆಹಣ್ಣು ತಿಂದೇ ಹೊರಡಿ.

ಸೈಕಲ್ ತೂಕ ಇಳಿಸುವುದು ನಿಜವಾಗಿ ಉಪಯೋಗಕ್ಕೆ ಬರುವುದು ನಿಮ್ಮಂಥವರಿಗೇ. 72 ಕೆ.ಜಿ. ಸವಾರನಿಗೆ ಒಂದು ಕೆ.ಜಿ. ಎಂದರೆ ಒಟ್ಟು ಭಾರದ 1.2 ಶೇಕಡಾ. ನಿಮಗೆ, ಎಲ್ಲ ಸೇರಿ 60 ಎಂದು ಹಿಡಿದರೆ, 1.7 ಶೇಕಡಾ. ಟೈರ್, ಟ್ಯೂಬಿನ ಮಾತು ನಿಮಗೂ ಅದೇ. 25 ಎಂ.ಎಂ. ಟೈರಿಗೆ 65 ಪಿಎಸ್‌ಐ ಆಸುಪಾಸು ಸಾಕು. ಹ್ಯಾಂಡಲ್‌ಬಾರ್ 42 ಸೆಂ.ಮೀ. ಅಗಲದ್ದಾಗಿದ್ದು ನಿಮ್ಮ ಭುಜ ಕಿರಿದಾಗಿದ್ದರೆ ಅಳತೆ ನೋಡಿಸಿ 38ಕ್ಕೆ ಬದಲಿಸಿ. ಸ್ವಲ್ಪ ತೂಕ ಇಳಿಯುತ್ತದೆ, ಗಾಳಿಗೆ ಒಡ್ಡುವ ಮೈ ಕಡಿಮೆಯಾಗುತ್ತದೆ, ಕುತ್ತಿಗೆ ನೋವೂ ತಗ್ಗಬಹುದು. ಜೊತೆಗೆ ಹಿಂದೆ ದೊಡ್ಡ ಕ್ಯಾಸೆಟ್ ಹಾಕಿಸಿಕೊಳ್ಳಿ.

ಪ್ರಶ್ನೆ: 6.8 ಕೆ.ಜಿ.ಗಿಂತ ಹಗುರ ಬೈಕಿಗೆ ನಿಷೇಧವಿದೆಯಂತೆ, ಹೌದೇ?
– ಓದುಗರು, ವೈಟ್‌ಫೀಲ್ಡ್

ಉತ್ತರ: ಅದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2000ದಿಂದ ಜಾರಿಗೆ ತಂದ ನಿಯಮ, ಅದರ ನಿಯಮಗಳ ಪ್ರಕಾರ ನಡೆಯುವ ರೇಸುಗಳಿಗೆ ಮಾತ್ರ. ವಾರಾಂತ್ಯದ ರೈಡಿಗೆ ಸಂಬಂಧವಿಲ್ಲ. ಭಾರತ ಮಟ್ಟದ ರೇಸಿಗೆ ಇಳಿಯುವ ಯೋಚನೆ ಇದ್ದರೆ ಮಾತ್ರ ಬೈಕನ್ನು ಆ ಮಿತಿಗಿಂತ ಕೆಳಗೆ ಒಯ್ಯಬೇಡಿ, ರೇಸಿಗೆ ಮುಂಚೆ ಬೈಕ್ ತೂಗಿದಾಗ ಕಡಿಮೆ ಬಂದರೆ ಸ್ಟಾರ್ಟ್ ಲೈನಿಗೆ ಬಿಡದಿರಬಹುದು.