ಮೆಂಡೆಸ್‌ನಲ್ಲಿ ಪೂಜೆಗೊಂಡದ್ದು ಟಗರೋ ಹೋತವೋ?

ಪ್ರಶ್ನೆ: ಈಜಿಪ್ಟಿನ ಮೆಂಡೆಸ್ ನಗರದವರು ಹೋತವನ್ನು ಪೂಜಿಸುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ, ಬೇರೆಡೆ ಅದು ಟಗರು ಎಂದು ಓದಿದೆ. ಯಾವುದು ಸರಿ? ಪಕ್ಕದ ಥ್ಮೂಯಿಸ್ ಈ ನಗರದ ಹೊರಬಡಾವಣೆಯಷ್ಟೇ ಆಗಿತ್ತೇ?

ಉತ್ತರ: ಟಗರು ಎಂಬುದೇ ಸರಿ. ಅಲ್ಲಿನ ದೇವರು ಬನೆಬ್‌ಜೆದೆತ್‌ನನ್ನು ಚಿತ್ರಿಸುವಾಗ ತಲೆಯ ಎರಡೂ ಪಕ್ಕಕ್ಕೆ ಅಡ್ಡಡ್ಡವಾಗಿ ಚಾಚಿ, ತಿರುಚಿಕೊಂಡು ಹೋಗುವ ಉದ್ದನೆಯ ಕೊಂಬುಗಳನ್ನು ತೋರಿಸುತ್ತಿದ್ದರು. ಅಂಥ ಕೊಂಬಿನ ಹಳೆಯ ಕುರಿತಳಿಯ ಜಾಗಕ್ಕೆ ಕಾಲಕ್ರಮೇಣ ಕೆನ್ನೆಯ ಸುತ್ತ ಸುರುಳಿಯಾಗುವ ಕೊಂಬಿನ ತಳಿ ಬಂದರೂ ದೇವರ ರೂಪ ಮಾತ್ರ ಬದಲಾಗಲಿಲ್ಲ. ಕ್ರಿ.ಪೂ. 5ನೇ ಶತಮಾನದ ಗ್ರೀಕನೊಬ್ಬನಿಗೆ ಆ ಕೊಂಬು ಹೋತದ್ದೆಂದು ಕಂಡಿದ್ದರೆ ಆಶ್ಚರ್ಯವಿಲ್ಲ ಎಂಬುದು ನನ್ನ ಊಹೆ. ಆದರೆ ಈ ವಿಷಯದಲ್ಲಿ ಪ್ರವಾಸಿಯ ಮಾತಿಗಿಂತ ಆ ಊರಿನ ಕಲ್ಲುಗಳ ಸಾಕ್ಷ್ಯವೇ ಹೆಚ್ಚು ತೂಕದ್ದು.

ದೇವರ ಪ್ರತಿರೂಪವೆಂದು ಆರಿಸಿದ ಒಂದು ಜೀವಂತ ಟಗರನ್ನು ದೇಗುಲದಲ್ಲಿ ಸಾಕುತ್ತಿದ್ದರು. ಅದು ಸತ್ತಾಗ ಶವವನ್ನು ಕೆಡದಂತೆ ಸಂಸ್ಕರಿಸಿ, ಗಡಸು ಕಲ್ಲಿನ ದೊಡ್ಡ ಶವಪೆಟ್ಟಿಗೆಯಲ್ಲಿಟ್ಟು ಹೂಳಿ, ಇನ್ನೊಂದನ್ನು ಅದರ ಸ್ಥಾನಕ್ಕೆ ತರುತ್ತಿದ್ದರು. ಆ ಪೆಟ್ಟಿಗೆಗಳು ಇಂದಿಗೂ ಸ್ಥಳದಲ್ಲಿವೆ. ಕ್ರಿ.ಪೂ. 3ನೇ ಶತಮಾನದಲ್ಲಿ ಈಜಿಪ್ಟನ್ನು ಆಳಿದ ಎರಡನೇ ಟಾಲೆಮಿಯ ಕಾಲದ ಮೆಂಡೆಸ್ ಶಾಸನವಂತೂ ಅರಸನೇ ಬಂದು ಟಗರಿನ ದರ್ಶನ ಪಡೆದುದನ್ನೂ, ತೀರಿಕೊಂಡ ರಾಣಿ ಎರಡನೇ ಅರ್ಸಿನೊಯೆಯನ್ನು ‘ಟಗರಿಗೆ ಪ್ರಿಯಳಾದವಳು’ ಎಂದು ಹೆಸರಿಸಿ ಆಕೆಯ ಪ್ರತಿಮೆಯನ್ನು ದೇಗುಲಗಳಲ್ಲಿ ನಿಲ್ಲಿಸಲು ಆಜ್ಞಾಪಿಸಿದುದನ್ನೂ ಹೇಳುತ್ತದೆ. ಗ್ರೀಕ್ ಮೂಲದ ರಾಜಮನೆತನವೊಂದು ಸ್ಥಳೀಯ ಪುರೋಹಿತರ ಒಲವು ಗಳಿಸಿಕೊಂಡ ಬಗೆಯೂ ಇದರಲ್ಲಿ ಕಾಣುತ್ತದೆ.

ದೇಗುಲದಲ್ಲಿ ಈಗ ಎದ್ದು ಕಾಣುವುದು ಸುಮಾರು 8 ಮೀಟರ್ ಎತ್ತರದ ಏಕಶಿಲಾ ಗ್ರಾನೈಟ್ ಗರ್ಭಗುಡಿ. 26ನೇ ರಾಜವಂಶದ ಎರಡನೇ ಅಹ್ಮೋಸ್ (ಕ್ರಿ.ಪೂ. 570–526) ರೇ, ಶು, ಗೆಬ್, ಒಸಿರಿಸ್ ದೇವರುಗಳಿಗಾಗಿ ಇಂಥ ನಾಲ್ಕನ್ನು ನಿಲ್ಲಿಸಿದ್ದ, ನಿಂತು ಉಳಿದಿರುವುದು ಒಂದೇ. ಸುತ್ತಲಿನ ಗೋಡೆಗಳೆಲ್ಲ ಹೋದ ಮೇಲೆ ಅದೊಂದೇ ಬಯಲಿನಲ್ಲಿ ನಿಂತಿರುವುದರಿಂದ, ಮೂಲ ದೇಗುಲದ ಗಾತ್ರವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕಾಗುತ್ತದೆ.

ಇನ್ನು ಥ್ಮೂಯಿಸ್. ಮೆಂಡೆಸ್‌ನ ಅವಶೇಷವಿರುವ ತೆಲ್ ಎಲ್-ರುಬಾ ದಿಬ್ಬದ ದಕ್ಷಿಣಕ್ಕೇ ತೆಲ್ ತಿಮಾಯ್ ದಿಬ್ಬವಿದ್ದು, ಅದೇ ಥ್ಮೂಯಿಸ್. ಆರಂಭದಲ್ಲಿ ಅದನ್ನು ಹೊರಬಡಾವಣೆ ಎನ್ನುವುದು ಸರಿಯೇ. ಆದರೆ ಮೆಂಡೆಸ್‌ಗೆ ನೀರನ್ನೂ ದೋಣಿ ಸಂಚಾರವನ್ನೂ ಒದಗಿಸುತ್ತಿದ್ದ ನೈಲ್ ನದಿಯ ಕವಲು ಜಾಗ ಬದಲಿಸಿದಂತೆ ಜನ, ಕಸುಬು, ಆಡಳಿತಗಳೂ ದಕ್ಷಿಣಕ್ಕೆ ಸರಿದವು. ಹಳೆಯ ನಗರ ಕುಗ್ಗಿದ್ದನ್ನು ಟಗರಿನ ಮೇಲಿನ ಭಕ್ತಿ ಕುಂದಿತೆಂದು ವಿವರಿಸುವವರಿದ್ದಾರೆ. ನದಿಯ ಕಾರಣವೇ ನನಗೆ ಬಲವಾಗಿ ಕಾಣುತ್ತದೆ, ಏಕೆಂದರೆ ಟಾಲೆಮಿಗಳ ಕಾಲದಲ್ಲಿ ಈ ಆರಾಧನೆಗೆ ಅರಮನೆಯ ಬೆಂಬಲ ಕಡಿಮೆಯೇನೂ ಆಗಿರಲಿಲ್ಲ.

ತೆಲ್ ತಿಮಾಯ್‌ನ ಉತ್ಖನನದಲ್ಲಿ ಕುಂಬಾರರ ಆವಿಗೆಗಳೂ, ಟಾಲೆಮಿ ಕಾಲದ ದಂಗೆಗೆ ಸಂಬಂಧಿಸಿದ್ದೆಂದು ಉತ್ಖನನಕಾರರು ಹೇಳುವ ಸುಟ್ಟ ಪದರವೂ ದೊರೆತಿವೆ. ಕ್ರಿ.ಶ. 4ನೇ ಶತಮಾನದ ಹೊತ್ತಿಗೆ ಥ್ಮೂಯಿಸ್‌ಗೆ ಸೆರಾಪಿಯನ್ ಎಂಬ ತನ್ನದೇ ಬಿಷಪ್ ಇದ್ದ. ಅದೇ ಶತಮಾನದ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್ ಅದನ್ನು ಈಜಿಪ್ಟಿನ ದೊಡ್ಡ ನಗರಗಳ ಸಾಲಿನಲ್ಲಿ ಹೆಸರಿಸಿದ. ಆ ಕಾಲದ ಥ್ಮೂಯಿಸ್‌ಗೆ ಹೊರಬಡಾವಣೆ ಎಂಬ ವಿವರಣೆ ಒಪ್ಪುವುದಿಲ್ಲ.